ಕಾಲು ನಿಲ್ಲದ ಸೈಕಲ್ಲೂ, ಫ್ರೇಮಿನ ತಲೆನೋವೂ...

ಬ್ಲಾಗಿನ ಕಡೆ ತಲೆ ಹಾಕದೆ ಎಂಟು ತಿಂಗಳಾಯ್ತು. ಪ್ರಾಜೆಕ್ಟು, ರಿಲೀಸು, ರಿಲೀಸ್ ಆದಮೇಲೆ ಹೊರಬಿದ್ದ ಬಗ್ಗುಗಳು... ನೆಪಗಳಿಗೇನು ಬರವಿಲ್ಲ ಬಿಡಿ. ಈಗ ಬರೆಯೋಕೆ ಕೂತಿರೋದಕ್ಕೆ ಕಾರಣ ನಮ್ಮ ಆಫೀಸಿಗೆ ಹೊಸದಾಗಿ ಸೇರಿರೋ ಒಬ್ಬ ಹುಡುಗ. ಕಳೆದ ವಾರ ಪಾರ್ಕಿಂಗ್‌ನಲ್ಲಿ ನನ್ನ ಸೈಕಲ್ಲಿನ ಸುತ್ತ ಎರಡು ಪ್ರದಕ್ಷಿಣೆ ಹಾಕಿ, "ಬ್ರೋ, ಇದು ಫಿಕ್ಸಿ ಅಲ್ವಾ? ನಾನೂ ಒಂದು ಕಟ್ಟಬೇಕು ಅಂತಿದ್ದೀನಿ. ಈ ಫ್ರೇಮ್ ಹೇಗಿದೆ ನೋಡಿ" ಅಂತ ಮೊಬೈಲ್ ಮುಂದೆ ಹಿಡಿದ.

ನೋಡಿದೆ. ಕಪ್ಪು ಬಣ್ಣದ, ನುಣ್ಣಗೆ ಮಿಂಚುವ ಅಲ್ಯೂಮಿನಿಯಂ ಟ್ರ್ಯಾಕ್ ಫ್ರೇಮು. ಎಲ್ಲೂ ಒಂದು ತೂತಿಲ್ಲ, ಒಂದು ಕೊಕ್ಕೆಯಿಲ್ಲ. ಫೋರ್ಕಿನ ಹಣೆಯ ಮೇಲೆ ಬ್ರೇಕ್ ಕೂರಿಸುವ ತೂತೂ ಇಲ್ಲ. ಮೂರು ವರ್ಷದ ಹಿಂದೆ ನಾನು ಮರುಳಾಗಿದ್ದೂ ಥೇಟ್ ಇಂಥದ್ದಕ್ಕೇ. ಐದು ನಿಮಿಷದಲ್ಲಿ ಹೇಳಿ ಮುಗಿಸೋಣ ಅಂದ್ಕೊಂಡೆ, ಮುಕ್ಕಾಲು ಗಂಟೆ ಕೊರೆದೆ. ಪಾಪ, ಅವನ ಕಾಫಿ ತಣ್ಣಗಾಯ್ತು. ಅಲ್ಲಿ ಕೊರೆದಿದ್ದನ್ನೇ ಸ್ವಲ್ಪ ಒಪ್ಪ ಮಾಡಿ ಇಲ್ಲಿ ಹಾಕ್ತಿದ್ದೀನಿ. ಸೈಕಲ್ ಬಗ್ಗೆ ಆಸಕ್ತಿ ಇಲ್ಲದವರು ಅರ್ಧದಲ್ಲಿ ಎದ್ದು ಹೋದರೂ ಬೇಜಾರಿಲ್ಲ. ಆದರೆ ಸೊಪ್ಪಿನಜ್ಜಿ ಬರೋವರೆಗಾದರೂ ಇರಿ :-)

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ರಸ್ತೆಯಲ್ಲಿ ಓಡಿಸೋಕೆ ಫಿಕ್ಸಿ ಬೇಕು ಅಂದ್ರೆ ಅಪ್ಪಟ ಟ್ರ್ಯಾಕ್ ಫ್ರೇಮ್ ತಗೋಬೇಡಿ. ಬ್ರೇಕಿಗೆ ತೂತಿರುವ, ದಪ್ಪ ಟೈರಿಗೆ ಜಾಗವಿರುವ, ಹಿಂದಿನ ಚಕ್ರವನ್ನು ಹಿಂದಕ್ಕೂ ಮುಂದಕ್ಕೂ ಸರಿಸಲು ಬರುವ, ಸಾಧ್ಯವಾದರೆ ಸ್ಟೀಲಿನ ಫ್ರೇಮ್ ಹುಡುಕಿ. ನೋಡೋಕೆ ಅದು ಸಪ್ಪೆಯಾಗಿ ಕಂಡರೂ ಪರವಾಗಿಲ್ಲ. ಇನ್ನು ಮುಂದಿನ ಬ್ರೇಕ್ ಇಲ್ಲದೆ ಓಡಿಸೋ ವಿಚಾರ ಇದೆಯಲ್ಲ, ಅದು ನನ್ನ ಪ್ರಕಾರ ಅಭಿರುಚಿಯ ಪ್ರಶ್ನೆಯೇ ಅಲ್ಲ. ತಪ್ಪು, ಅಷ್ಟೇ.

ಗೊತ್ತಿಲ್ಲದವರಿಗೆ ಒಂದು ಮಾತು. ಮಾಮೂಲಿ ಸೈಕಲ್ಲಿನಲ್ಲಿ ಫ್ರೀವೀಲ್ ಇರುತ್ತೆ. ಪೆಡಲ್ ತುಳಿಯೋದು ನಿಲ್ಲಿಸಿದರೂ ಚಕ್ರ ಟಿಕ್ ಟಿಕ್ ಅಂತ ತಿರುಗ್ತಾ ಇರುತ್ತೆ. ಫಿಕ್ಸಿಯಲ್ಲಿ ಆ ಸೌಕರ್ಯ ಇಲ್ಲ. ಹಿಂದಿನ ಹಲ್ಲುಚಕ್ರ ಹಬ್ಬಿಗೆ ಬಿಗಿಯಾಗಿ ಕಚ್ಚಿಕೊಂಡಿರುತ್ತೆ. ಚಕ್ರ ತಿರುಗಿದರೆ ಪೆಡಲ್ ತಿರುಗಲೇಬೇಕು, ಪೆಡಲ್ ತಿರುಗಿದರೆ ಕಾಲು ತಿರುಗಲೇಬೇಕು. ಇಳಿಜಾರಿನಲ್ಲಿ ಕಾಲು ಬಿಟ್ಟು ಆರಾಮಾಗಿ ಇಳಿಯೋ ಸುಖ ಇಲ್ಲ. ಕಾಲಿನಿಂದ ಹಿಂದಕ್ಕೆ ಒತ್ತಡ ಕೊಟ್ಟರೆ ವೇಗ ತಗ್ಗುತ್ತೆ.

ಇದನ್ನ ಊರಿಗೆ ಹೋದಾಗ ಅಪ್ಪನಿಗೆ ವಿವರಿಸಿದೆ. ಅಪ್ಪ ಅರಸೀಕೆರೆ ಕಡೆಯ ಹಳ್ಳಿ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದವರು. 1988ರಲ್ಲಿ ತಗೊಂಡ ಹರ್ಕ್ಯುಲಿಸ್ ಸೈಕಲ್ ಇವತ್ತಿಗೂ ಓಡಿಸ್ತಾರೆ. ನನ್ನ ಲೆಕ್ಚರ್ ಎಲ್ಲಾ ಕೇಳಿಸಿಕೊಂಡು, "ಅಯ್ಯೋ, ಫ್ರೀವೀಲಿಗೆ ಕೆಸರು ಹೊಕ್ಕು ಜಾಮ್ ಆದಾಗ ನಂದೂ ಹಂಗೇ ಆಗಿತ್ತಲ್ಲೋ! ಕೆರೆ ಏರಿ ಮೇಲೆ ಕಾಲು ನಿಲ್ಲಿಸ್ದೆ, ಎತ್ತಿ ಒಗೀತು. ಅದಕ್ಕೆ ದುಡ್ಡು ಕೊಟ್ಟು ಮಾಡಿಸ್ಕೋತಾರಾ?" ಅಂದ್ರು. ಮುಂದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ.

ಆದರೂ ಹೇಳ್ತೀನಿ. ಇಡೀ ದಿನ ಕಣ್ಣಿಗೆ ಕಾಣದ ಸರ್ವರ್‌ಗಳ ಜೊತೆ ಗುದ್ದಾಡಿ ಬಂದವನಿಗೆ, ತುಳಿದಷ್ಟೇ ಓಡುವ, ಒಂದೇ ಚೈನು, ಎರಡೇ ಹಲ್ಲುಚಕ್ರದ ಈ ಯಂತ್ರ ಕೊಡೋ ಖುಷಿ ಬೇರೆ. ಗೇರ್ ಟ್ಯೂನಿಂಗ್ ಇಲ್ಲ, ಕೇಬಲ್ ಎಳೆದಾಟ ಇಲ್ಲ. ಮೈಮರೆತು ಓಡಿಸೋಕೆ ಬಿಡಲ್ಲ. ಮುಂದೆ ನೂರು ಅಡಿ ದೂರದ ಆಟೋ ಏನು ಮಾಡಬಹುದು ಅಂತ ಈಗಲೇ ಯೋಚಿಸೋ ಹಾಗೆ ಮಾಡುತ್ತೆ. ಅದು ನನಗೆ ಇಷ್ಟ. ಹಾಗಾಗಿ ಇದು ಫಿಕ್ಸಿ ವಿರೋಧಿ ಲೇಖನ ಅಲ್ಲ.

ಸರಿ, ಟ್ರ್ಯಾಕ್ ಫ್ರೇಮ್ ಮೇಲೆ ನನಗೇನು ಕೋಪ? ಕೋಪ ಏನೂ ಇಲ್ಲ. ಅದು ಹುಟ್ಟಿದ ಜಾಗ ಬೇರೆ, ಅಷ್ಟೇ. 1903ರಲ್ಲಿ ಮೊದಲ ಟೂರ್ ದ ಫ್ರಾನ್ಸ್ ನಡೆದಾಗ ಈಗಿನ ತರಹದ ಗೇರುಗಳಿರಲಿಲ್ಲ. ಆ ಸ್ಪರ್ಧೆಯಲ್ಲಿ ಡಿರೇಲರ್ ಬಳಸೋಕೆ ಎಲ್ಲರಿಗೂ ಅನುಮತಿ ಸಿಕ್ಕಿದ್ದು 1937ರಲ್ಲಿ. ಅಲ್ಲಿಯವರೆಗೆ ಬೆಟ್ಟ ಬಂದರೆ ಇಳಿದು, ಹಿಂದಿನ ಚಕ್ರ ಬಿಚ್ಚಿ, ತಿರುಗಿಸಿ ಹಾಕಿ, ಆ ಕಡೆಯ ದೊಡ್ಡ ಹಲ್ಲುಚಕ್ರಕ್ಕೆ ಚೈನ್ ಕೂರಿಸಿ ಹತ್ತಬೇಕಿತ್ತು. ರಸ್ತೆ ಸೈಕಲ್ಲುಗಳಿಗೆ ಗೇರು ಬಂದ ಮೇಲೆ ಫಿಕ್ಸಿ ಮುಖ್ಯವಾಗಿ ಉಳಿದುಕೊಂಡಿದ್ದು ವೆಲೊಡ್ರೋಮಿನಲ್ಲಿ. ದೆಹಲಿಯ ಇಂದಿರಾ ಗಾಂಧಿ ಕ್ರೀಡಾ ಸಂಕೀರ್ಣದಲ್ಲಿ 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಅಂತ ಕಟ್ಟಿದರಲ್ಲ, ಅಂಥದ್ದು: ಮರದ ಹಲಗೆಯ, ಬಟ್ಟಲಿನಂತೆ ವಾಲಿದ 250 ಮೀಟರಿನ ಓಟದ ಹಾದಿ. ನಮ್ಮ ವಿಜಯಪುರ, ಬಾಗಲಕೋಟೆ ಕಡೆಯ ಹುಡುಗ ಹುಡುಗಿಯರು ಇಂಥ ಟ್ರ್ಯಾಕ್‌ಗಳಲ್ಲಿ ರಾಷ್ಟ್ರಮಟ್ಟದ ಪದಕ ಗೆದ್ದು ಬಂದಿದ್ದಾರೆ.

ಅಲ್ಲಿ ಬ್ರೇಕ್ ಇಲ್ಲದಿರೋದೇ ಸುರಕ್ಷಿತ. ಒಬ್ಬರ ಹಿಂದೆ ಒಬ್ಬರು ಅಂಟಿಕೊಂಡು ಓಡುವಾಗ ಮುಂದಿನವನು ದಿಢೀರನೆ ಬ್ರೇಕ್ ಒತ್ತಿದರೆ ಹಿಂದಿನವರೆಲ್ಲ ರಾಶಿ ಬೀಳ್ತಾರೆ. ಅಲ್ಲಿ ಮಳೆಯಿಲ್ಲ, ಗುಂಡಿಯಿಲ್ಲ, ಹಂಪಿಲ್ಲ, ನಾಯಿಯಿಲ್ಲ. ಹಾಗಾಗಿ ಮಡ್‌ಗಾರ್ಡ್ ಬೇಡ, ದಪ್ಪ ಟೈರ್ ಬೇಡ. ಜಪಾನಿನಲ್ಲಿ 1948ರಲ್ಲಿ ಶುರುವಾದ ಕೇರಿನ್ ಅನ್ನೋ ಬಾಜಿ ಪಂದ್ಯ ಇದೆ (2000ದ ಸಿಡ್ನಿ ಒಲಿಂಪಿಕ್ಸ್‌ನಿಂದ ಒಲಿಂಪಿಕ್ಸಿಗೂ ಬಂತು). ಅದರ ಎನ್‌ಜೆಎಸ್ ಮುದ್ರೆಯ ಸ್ಟೀಲ್ ಫ್ರೇಮುಗಳು ನಿಜಕ್ಕೂ ಕಣ್ಣಿಗೆ ಹಬ್ಬ. ಆ ಕೆಲಸಕ್ಕೆ ಅವು ಪರ್ಫೆಕ್ಟ್. ನಮ್ಮ ತಾಪತ್ರಯ ಏನಂದ್ರೆ, 2000ದ ದಶಕದಲ್ಲಿ ನ್ಯೂಯಾರ್ಕ್, ಸ್ಯಾನ್ ಫ್ರಾನ್ಸಿಸ್ಕೊ ಕಡೆಯ ಕೊರಿಯರ್ ಹುಡುಗರನ್ನು ನೋಡಿ ಫಿಕ್ಸಿ ಫ್ಯಾಷನ್ ಆದಾಗ, ಟ್ರ್ಯಾಕ್ ಸೈಕಲ್ಲಿನ ಅಂದ ಮಾತ್ರ ರಸ್ತೆಗೆ ಬಂತು. ಟ್ರ್ಯಾಕ್ ಬರಲಿಲ್ಲ.

ಈಗ ನನ್ನ ಕಥೆ.

2020ರ ಲಾಕ್‌ಡೌನಿನಲ್ಲಿ ಎಲ್ಲರ ಹಾಗೆ ನಾನೂ ಸೈಕಲ್ ಹಿಡಿದವನು. ಎರಡು ವರ್ಷ ಗೇರ್ ಸೈಕಲ್ ತುಳಿದ ಮೇಲೆ ಫಿಕ್ಸಿ ಹುಚ್ಚು ಹತ್ತಿತು. ರಾತ್ರಿಯೆಲ್ಲ ಓದಿದೆ. 2008ರಲ್ಲಿ ತೀರಿಕೊಂಡ ಅಮೆರಿಕದ ಸೈಕಲ್ ಮೆಕ್ಯಾನಿಕ್ ಶೆಲ್ಡನ್ ಬ್ರೌನ್ ಬರೆದಿಟ್ಟು ಹೋದ ಪುಟಗಳನ್ನಂತೂ ಪರೀಕ್ಷೆಗೆ ಓದೋ ಹಾಗೆ ಓದಿದೆ. ಮುಂದೆ ಬ್ರೇಕ್ ಇರಲಿ ಅಂತ ಆ ಮಹಾನುಭಾವ ಬರೆದಿದ್ದನ್ನೂ ಓದಿದೆ. ಓದಿ, ಬ್ರೇಕಿಗೆ ತೂತಿಲ್ಲದ ಫ್ರೇಮ್ ತಗೊಂಡೆ! ಕಾರಣ ಇಷ್ಟೇ: ಅದು ಚೆನ್ನಾಗಿ ಕಾಣ್ತಿತ್ತು. ತೂತಿರೋ ಬೇರೆ ಫೋರ್ಕ್ ಮುಂದಿನ ಸಂಬಳಕ್ಕೆ ತಗೊಳ್ಳೋಣ ಅಂತ ನನಗೆ ನಾನೇ ಹೇಳಿಕೊಂಡೆ. ಮುಂದಿನ ಸಂಬಳ ಬಂತು, ಅದರ ಮುಂದಿನದೂ ಬಂತು. ಫೋರ್ಕ್ ಬರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಹಿಂದಿನ ಚಕ್ರ ಪಂಚರ್. ನಾನೇ ಟ್ಯೂಬ್ ಬದಲಾಯಿಸಿದೆ, ನಟ್ಟುಗಳನ್ನ ಸರಿಯಾಗಿ ಬಿಗಿ ಮಾಡಲಿಲ್ಲ. ಹನುಮಂತನಗರದ ಇಳಿಜಾರುಗಳು ಗೊತ್ತಲ್ಲ ನಿಮಗೆ? ಅಂಥದ್ದೊಂದರಲ್ಲಿ ಇಳೀತಾ ಇದ್ದೆ. ಚಕ್ರ ಒಂಚೂರು ಮುಂದಕ್ಕೆ ಜಾರಿ ಚೈನ್ ಸಡಿಲ ಆಗಿತ್ತು ಅಂತ ಕಾಣುತ್ತೆ. ಒಂದು ಹಂಪ್ ಹತ್ತಿಳಿದಾಗ ಟಕ್ ಅಂತ ಚೈನ್ ಕಳಚಿತು. ಕಾಲುಗಳು ಗಾಳಿಯಲ್ಲಿ ಗರಗರ ತಿರುಗಿದವು. ಹಿಂದಕ್ಕೆ ಒತ್ತೋಣ ಅಂದ್ರೆ ಏನನ್ನ ಒತ್ತೋದು? ಫಿಕ್ಸಿಯಲ್ಲಿ ಚೈನೇ ಬ್ರೇಕು. ಚೈನ್ ಹೋದರೆ ಬ್ರೇಕ್ ಹೋಯ್ತು. ಮುಂದೆ, ರಸ್ತೆ ಬದಿಯಲ್ಲಿ ಗೋಣಿಚೀಲ ಹಾಸಿ ಸೊಪ್ಪು ಜೋಡಿಸಿಕೊಳ್ತಾ ಇದ್ದ ಒಬ್ಬ ಅಜ್ಜಿ. ಬೆನ್ನು ನನ್ನ ಕಡೆಗೆ.

ಕಿರುಚಿದೆ. ಹ್ಯಾಂಡಲ್ ಎಳೆದೆ. ಅಜ್ಜಿಯ ಪಕ್ಕದಲ್ಲೇ ಸೊಪ್ಪಿನ ಬುಟ್ಟಿಗೆ ಗುದ್ದಿ, ಫುಟ್‌ಪಾತಿನ ಕಲ್ಲಿಗೆ ಬಿದ್ದೆ. ಮೊಣಕೈಗೆ ಏಳು ಹೊಲಿಗೆ. ಅಜ್ಜಿಗೆ ಏನೂ ಆಗಲಿಲ್ಲ. ಒಂದೂವರೆ ಅಡಿ ಆ ಕಡೆ ಹೋಗಿದ್ದರೆ ಏನಾಗ್ತಿತ್ತು ಅಂತ ಇವತ್ತಿಗೂ ಕೆಲವು ರಾತ್ರಿ ಯೋಚನೆ ಬರುತ್ತೆ. ಅಜ್ಜಿ ಎದ್ದು ಬಂದು ಮೊದಲು ನನ್ನ ಕೈ ನೋಡಿದರು. ಆಮೇಲೆ ಸೈಕಲ್ ನೋಡಿದರು. "ಬ್ರೇಕೇ ಇಲ್ವಲ್ಲಪ್ಪ ಇದಕ್ಕೆ? ದುಡ್ಡಿರಲಿಲ್ವಾ ಹಾಕ್ಸಕ್ಕೆ?" ಅಂದ್ರು.

ಫ್ರೇಮಿಗೇ ನಾನು ಸಾವಿರಗಟ್ಟಲೆ ಸುರಿದಿದ್ದೆ. ಆ ಅಜ್ಜಿಗೆ ಏನಂತ ಹೇಳೋದು?

ನನಗಾದದ್ದು ಅದೃಷ್ಟ. 2016ರ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ಮುಂದಿನ ಬ್ರೇಕ್ ಇಲ್ಲದ ಫಿಕ್ಸಿಯಲ್ಲಿ ಹೋಗ್ತಿದ್ದ 18 ವರ್ಷದ ಹುಡುಗನೊಬ್ಬ, ರಸ್ತೆ ದಾಟುತ್ತಿದ್ದ 44 ವರ್ಷದ ಹೆಂಗಸಿಗೆ ಗುದ್ದಿದ. ಆಕೆ ಎರಡು ಮಕ್ಕಳ ತಾಯಿ, ಉಳಿಯಲಿಲ್ಲ. 2017ರಲ್ಲಿ ಅವನಿಗೆ 18 ತಿಂಗಳ ಶಿಕ್ಷೆ ಆಯ್ತು. ಬ್ರಿಟನ್ನಿನಲ್ಲಿ ರಸ್ತೆಗಿಳಿಯುವ ಫಿಕ್ಸಿಗೆ ಮುಂದಿನ ಚಕ್ರದ ಬ್ರೇಕ್ ಕಾನೂನು ಪ್ರಕಾರವೇ ಕಡ್ಡಾಯ. ಅವನೂ ನನ್ನ ಹಾಗೆ, ನನಗೆ ಕಂಟ್ರೋಲ್ ಇದೆ ಅಂದುಕೊಂಡಿದ್ದಿರಬೇಕು. ಬ್ರೇಕ್ ಇಲ್ಲದ ಸವಾರಿಯಲ್ಲಿ ರಿಸ್ಕ್ ತಗೊಳ್ಳೋನು ನಾನು, ಬೆಲೆ ತೆರೋದು ರಸ್ತೆ ಬದಿಯ ಅಜ್ಜಿ. ನನಗೆ ಹತ್ತದೇ ಇದ್ದದ್ದು ಈ ಲೆಕ್ಕ.

"ಹಿಂದಿನ ಚಕ್ರ ಲಾಕ್ ಮಾಡಿ ಸ್ಕಿಡ್ ಮಾಡಿ ನಿಲ್ಲಿಸಬಹುದಲ್ಲ" ಅನ್ನೋರಿಗೆ: ವೇಗ ತಗ್ಗಿಸುವಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ವಾಲುತ್ತೆ, ಹಿಂದಿನದು ಹಗುರಾಗುತ್ತೆ. ಹಗುರಾದ ಚಕ್ರಕ್ಕೆ ನೆಲದ ಮೇಲೆ ಹಿಡಿತ ಎಲ್ಲಿಂದ ಬರಬೇಕು? ಒಣ ರಸ್ತೆಯಲ್ಲಿ ಒಳ್ಳೆಯ ಮುಂದಿನ ಬ್ರೇಕ್ ನಿಲ್ಲಿಸುವ ದೂರಕ್ಕಿಂತ ಹಿಂದಿನ ಚಕ್ರವೊಂದೇ ನಿಲ್ಲಿಸೋಕೆ ಸುಮಾರು ಎರಡರಷ್ಟು ದೂರ ಬೇಕು. ಪಿಯುಸಿ ಫಿಸಿಕ್ಸ್, ಇನ್ನೇನಲ್ಲ.

ಗಾಯ ಒಣಗಿದ ಮೇಲೆ ಆ ಫ್ರೇಮನ್ನ ಗೋಡೆಗೆ ನೇತುಹಾಕಿ, ಈ ಸಲ ಸ್ಕೇಲು, ಪೆನ್ಸಿಲ್ ಹಿಡಿದು ಕೂತೆ. ಫ್ರೇಮ್ ಆರಿಸುವಾಗ ನಾನು ನೋಡುವ ಸಂಗತಿಗಳು ಇವು. ಮೊದಲನೆಯದು ಬ್ರೇಕಿನ ತೂತು, ಅದರ ಬಗ್ಗೆ ಇಷ್ಟೊತ್ತು ಹೇಳಿದ್ದೇ ಆಯ್ತು. ಉಳಿದವು:

ಹಿಂದಿನ ಚಕ್ರ ಕೂರುವ ಸೀಳು. ಇದು ಮುಖ್ಯ. ಫಿಕ್ಸಿಯಲ್ಲಿ ಚೈನ್ ಸರಿಯಾದ ಬಿಗಿಯಲ್ಲಿರಬೇಕು. ನಡುವೆ ಬೆರಳಿಂದ ಒತ್ತಿದರೆ ಸುಮಾರು ಒಂದು ಸೆಂಟಿಮೀಟರ್ ಆಡಬೇಕು, ಅದಕ್ಕಿಂತ ಹೆಚ್ಚು ಬೇಡ. ಹಾಗೆ ಹೊಂದಿಸೋಕೆ ಚಕ್ರವನ್ನ ಹಿಂದೆ ಮುಂದೆ ಸರಿಸೋಕೆ ಬರಬೇಕು. ಈಗಿನ ಗೇರ್ ಸೈಕಲ್ಲುಗಳಲ್ಲಿ ಸೀಳು ನೆಟ್ಟಗೆ ಕೆಳಮುಖವಾಗಿರುತ್ತೆ, ಚಕ್ರ ಒಂದೇ ಜಾಗದಲ್ಲಿ ಕೂರುತ್ತೆ. ಸ್ಪ್ರಿಂಗಿನ ಟೆನ್ಷನರ್ ಹಾಕಿದರಾಯ್ತು ಅಂತ ಅಂಗಡಿಯವರು ಹೇಳ್ತಾರೆ. ಫ್ರೀವೀಲ್ ಇರೋ ಸಿಂಗಲ್ ಸ್ಪೀಡಿಗೆ ಅದು ಸರಿ. ಫಿಕ್ಸಿಯಲ್ಲಿ ಹಿಂದಕ್ಕೆ ಒತ್ತಿದಾಗ ಎಳೆತವೆಲ್ಲ ಚೈನಿನ ಕೆಳಭಾಗಕ್ಕೆ ಬೀಳುತ್ತೆ, ಟೆನ್ಷನರ್ ಇರೋದೂ ಅಲ್ಲೇ. ಕಿತ್ತು ಬರುತ್ತೆ. ಹಾಗಾಗಿ ಹಿಂದಕ್ಕೆ ತೆರೆದ ಟ್ರ್ಯಾಕ್ ಸೀಳು, ಇಲ್ಲವೇ ಹಳೆಯ ರೋಡ್ ಸೈಕಲ್ಲುಗಳಲ್ಲಿದ್ದ ಮುಂದಕ್ಕೆ ತೆರೆದ ಅಡ್ಡ ಸೀಳು ಬೇಕು. ಹಲ್ಲುಚಕ್ರದಲ್ಲಿ ಒಂದು ಹಲ್ಲು ವ್ಯತ್ಯಾಸವಾದರೆ ಚಕ್ರ ಸರಿಯೋದು ಸುಮಾರು 3 ಮಿ.ಮೀ. ಮಾತ್ರ. ಸೀಳು ತೀರಾ ಉದ್ದ ಇರಬೇಕಾಗಿಲ್ಲ.

ಪೆಡಲ್ ನೆಲದಿಂದ ಎಷ್ಟು ಎತ್ತರ. ಮಾಮೂಲಿ ಸೈಕಲ್ಲಿನಲ್ಲಿ ತಿರುವು ಬಂದಾಗ ಒಳಗಿನ ಪೆಡಲ್ ಮೇಲೆತ್ತಿ ವಾಲ್ತೀವಿ. ಫಿಕ್ಸಿಯಲ್ಲಿ ಪೆಡಲ್ ನಿಲ್ಲೋದೇ ಇಲ್ಲ, ವಾಲಿದಾಗ ನೆಲಕ್ಕೆ ತಾಗಿದರೆ ಹಿಂದಿನ ಚಕ್ರವೇ ಎಗರುತ್ತೆ. ಲೆಕ್ಕ ನೋಡಿ. 28 ಮಿ.ಮೀ. ಟೈರ್ ಹಾಕಿದ ಚಕ್ರದ ಅಕ್ಷ ನೆಲದಿಂದ ಸುಮಾರು 339 ಮಿ.ಮೀ. ಎತ್ತರ. ರೋಡ್ ಫ್ರೇಮಿನಲ್ಲಿ ಕ್ರ್ಯಾಂಕಿನ ಅಕ್ಷ ಅದಕ್ಕಿಂತ 70 ಮಿ.ಮೀ. ಕೆಳಗಿದ್ದರೆ, 170 ಮಿ.ಮೀ. ಕ್ರ್ಯಾಂಕ್ ಕೆಳಗೆ ಬಂದಾಗ ಪೆಡಲ್ಲಿನ ಅಕ್ಷಕ್ಕೂ ನೆಲಕ್ಕೂ ಉಳಿಯೋದು 99 ಮಿ.ಮೀ. ಟ್ರ್ಯಾಕ್ ಫ್ರೇಮಿನಲ್ಲಿ ಆ ಇಳಿತ 55ರ ಆಸುಪಾಸು, ಕ್ರ್ಯಾಂಕ್ 165. ಆಗ ಉಳಿಯೋದು 119. ಇದೊಂದು ವಿಷಯದಲ್ಲಿ ಟ್ರ್ಯಾಕ್ ಫ್ರೇಮೇ ಮೇಲು, ಒಪ್ಪಿಕೊಳ್ಳಲೇಬೇಕು. ರೋಡ್ ಫ್ರೇಮ್ ತಗೊಂಡರೆ 165ರ ಕ್ರ್ಯಾಂಕು, ತೆಳ್ಳನೆಯ ಪೆಡಲ್ ಹಾಕಿ, ತಿರುವಿನಲ್ಲಿ ವಿನಯದಿಂದಿರಿ.

ಟೈರಿಗೆ ಜಾಗ. ಬೆಂಗಳೂರಿನ ರಸ್ತೆಗಳ ಬಗ್ಗೆ ನಾನು ಹೊಸದಾಗಿ ಹೇಳಬೇಕಾದ್ದಿಲ್ಲ. ಗುಂಡಿ ಬಂದಾಗ ಕಾಲು ನಿಲ್ಲಿಸಿ, ಸೀಟಿನಿಂದ ಎದ್ದು, ಹಗುರಾಗಿ ದಾಟೋ ಉಪಾಯ ಫಿಕ್ಸಿಯಲ್ಲಿ ಅಷ್ಟು ಸುಲಭ ಅಲ್ಲ. ಕಾಲು ತಿರುಗ್ತಾನೇ ಇರುತ್ತಲ್ಲ. ಹಾಗಾಗಿ ಪೆಟ್ಟು ತಿನ್ನೋದು ಟೈರು. ನನ್ನ ಟ್ರ್ಯಾಕ್ ಫ್ರೇಮಿಗೆ 25 ಮಿ.ಮೀ. ದಾಟಿದರೆ ಟೈರ್ ಉಜ್ಜುತ್ತಿತ್ತು. ಕನಿಷ್ಠ 28, ಸಾಧ್ಯವಾದರೆ 32 ಹಿಡಿಸಬೇಕು, ಅದರ ಮೇಲೆ ಮಡ್‌ಗಾರ್ಡಿಗೂ ಜಾಗ ಉಳಿಯಬೇಕು. ಮಳೆಗಾಲದಲ್ಲಿ ಬೆನ್ನಿನ ಮೇಲೆ ಕೆಸರಿನ ಗೆರೆ ಹೊತ್ತು ಸ್ಟ್ಯಾಂಡ್‌ಅಪ್ ಮೀಟಿಂಗಿಗೆ ಹೋದವನ ಮಾತು ಕೇಳಿ.

ಕಾಲ್ಬೆರಳೂ ಮುಂದಿನ ಚಕ್ರವೂ. ಟ್ರ್ಯಾಕ್ ಫ್ರೇಮಿನ ಮುಂಭಾಗ ಕಡಿದಾಗಿರುತ್ತೆ, ಹ್ಯಾಂಡಲ್ ಕೊಳವೆಯ ಕೋನ 74-75 ಡಿಗ್ರಿ. ಮುಂದಿನ ಚಕ್ರ ಕಾಲಿಗೆ ಹತ್ತಿರ ಬರುತ್ತೆ. ಟ್ರಾಫಿಕ್ಕಿನಲ್ಲಿ ನಿಧಾನವಾಗಿ ಹ್ಯಾಂಡಲ್ ತಿರುಗಿಸಿದಾಗ ಶೂ ತುದಿ ಟೈರಿಗೆ ತಾಗುತ್ತೆ. ಗೇರ್ ಸೈಕಲ್ಲಿನಲ್ಲಿ ಇದು ಕಿರಿಕಿರಿ ಅಷ್ಟೇ, ಕಾಲು ಹಿಂದಕ್ಕೆ ತಗೊಂಡರೆ ಮುಗೀತು. ಫಿಕ್ಸಿಯಲ್ಲಿ ಕಾಲು ನಿಮ್ಮ ಮಾತು ಕೇಳಲ್ಲ, ಚಕ್ರದ ಮಾತು ಕೇಳುತ್ತೆ. ನಾನು ಸಿಗ್ನಲ್ಲಿನಲ್ಲಿ ಎರಡು ಸಲ ಬಿದ್ದೆ, ಅದೂ ಬಿಎಂಟಿಸಿ ಬಸ್ಸಿನ ಪಕ್ಕದಲ್ಲಿ! 72-73 ಡಿಗ್ರಿಯ ರೋಡ್ ಫ್ರೇಮ್ ನೆಮ್ಮದಿ. ಕೊಳ್ಳುವ ಮುಂಚೆ ಶೂ ಹಾಕ್ಕೊಂಡು ಕೂತು ಒಮ್ಮೆ ತಿರುಗಿಸಿ ನೋಡಿ.

ಹಿಂದಿನ ಅಗಲ ಮತ್ತು ಲೋಹ. ಟ್ರ್ಯಾಕ್ ಹಬ್ಬಿಗೆ 120 ಮಿ.ಮೀ. ಬೇಕು. ಹಳೇ ರೋಡ್ ಫ್ರೇಮುಗಳು 126, ಆಮೇಲಿನವು 130. ಆರು ಮಿ.ಮೀ. ವ್ಯತ್ಯಾಸ ಇದ್ದರೆ ಹಬ್ಬಿನ ಎರಡೂ ಕಡೆ ಮೂರು ಮೂರು ಮಿ.ಮೀ. ವಾಷರ್ ಕೂರಿಸಿದರೆ ಸಾಕು (ಆಕ್ಸಲ್ ಉದ್ದ ಸಾಲಬೇಕು, ನೋಡಿಕೊಳ್ಳಿ). ಸ್ಟೀಲ್ ಆದರೆ ಗೊತ್ತಿರೋರ ಕೈಲಿ ಬಗ್ಗಿಸಿಯೂ ಹೊಂದಿಸಬಹುದು. ಅಲ್ಯೂಮಿನಿಯಂ, ಕಾರ್ಬನ್ ಫ್ರೇಮನ್ನ ಬಗ್ಗಿಸೋ ಯೋಚನೆಯೂ ಬೇಡ. ಸ್ಟೀಲ್ ಅಂದ್ರೆ ಮೆತ್ತಗೆ, ಅಲ್ಯೂಮಿನಿಯಂ ಅಂದ್ರೆ ಗಡಸು ಅನ್ನೋ ಪುರಾಣವನ್ನ ನಾನು ಪೂರ್ತಿ ನಂಬಲ್ಲ. ಮೆತ್ತಗಿರೋದು ಬಹುಪಾಲು ಟೈರಿನ ಗಾಳಿಯಿಂದ. ನನಗೆ ಸ್ಟೀಲ್ ಇಷ್ಟ ಆಗೋದು ಅದು ರಿಪೇರಿಗೆ ಬಗ್ಗುತ್ತೆ ಅನ್ನೋ ಕಾರಣಕ್ಕೆ. ಒಂದು ಕೆಜಿ ಹೆಚ್ಚಿದ್ದರೇನಂತೆ, ಮೊದಲು ನನ್ನ ಹೊಟ್ಟೆ ಇಳಿಸಲಿ :-)

ಇಲ್ಲಿ ಒಂದು ಎಚ್ಚರಿಕೆ, ಇದು ಫ್ರೇಮಿನ ವಿಷಯ ಅಲ್ಲದಿದ್ದರೂ ಹೇಳಲೇಬೇಕು. ಫ್ರೀವೀಲನ್ನೇ ವೆಲ್ಡ್ ಮಾಡಿಸಿ ಫಿಕ್ಸಿ ಮಾಡಿಕೊಂಡರೆ ಅಗ್ಗ ಅಲ್ವಾ ಅಂತ ನಾನೂ ಕೇಳಿದ್ದೆ. ಬೇಡ. ಫ್ರೀವೀಲ್ ಹಬ್ಬಿಗೆ ಇರೋದು ಒಂದೇ ಮರೆ. ಮುಂದಕ್ಕೆ ತುಳಿದಾಗ ಬಿಗಿಯಾಗುತ್ತೆ, ಹಿಂದಕ್ಕೆ ಒತ್ತಿದಾಗ ಬಿಚ್ಚಿಕೊಳ್ಳುತ್ತೆ. ಅಂದ್ರೆ ನಿಮಗೆ ನಿಲ್ಲಿಸಬೇಕಾದಾಗಲೇ ಕೈಕೊಡುತ್ತೆ. ನಿಜವಾದ ಟ್ರ್ಯಾಕ್ ಹಬ್ಬಿನಲ್ಲಿ ಅದರ ಹೊರಗೆ ಉಲ್ಟಾ ಮರೆಯ ಲಾಕ್‌ರಿಂಗ್ ಇರುತ್ತೆ, ಹಲ್ಲುಚಕ್ರ ಬಿಚ್ಚಿಕೊಳ್ಳೋಕೆ ಹೋದರೆ ಅದು ತಡೆಯುತ್ತೆ. ನಮ್ಮ ಬೀದಿಯ ಸೈಕಲ್ ಶಾಪಿನ ಮಾಮ ಇದನ್ನ ಒಂದೇ ಮಾತಲ್ಲಿ ಹೇಳಿದರು: "ವೆಲ್ಡ್ ಮಾಡ್ಕೊಡ್ತೀನಿ, ಆದ್ರೆ ನನ್ ಅಂಗ್ಡೀಲಿ ಮಾಡ್ಸಿದ್ದು ಅಂತ ಎಲ್ಲೂ ಹೇಳ್ಬೇಡ." ಮಾಡಿಸಲಿಲ್ಲ.

ಇಷ್ಟೆಲ್ಲ ಪಟ್ಟಿ ಮಾಡಿಕೊಂಡು ಊರಿಗೆ ಹೋದಾಗ ಒಂದು ಆಸೆ ಹುಟ್ಟಿತು. ಅಪ್ಪನ ಸೈಕಲ್ಲಿನ ಹಿಂದೆ ಬಗ್ಗಿ ನೋಡಿದರೆ, ಅರೆ, ಸೀಳು ಹಿಂದಕ್ಕೆ ತೆರೆದಿದೆ! ಚೈನ್ ಬಿಗಿ ಮಾಡೋ ಸ್ಕ್ರೂ ಬೇರೆ ಇದೆ. ಸ್ಟೀಲ್ ಅಂತೂ ಸರಿಯೇ, ಟೈರಿಗೆ ಬೇಕಾದಷ್ಟು ಜಾಗ, ಮಡ್‌ಗಾರ್ಡೂ ಇದೆ. ನನ್ನ ಪಟ್ಟಿಯ ಅರ್ಧ ಅಂಕ ಅಲ್ಲೇ ಬಂತು. ನಾನು ಒಳಪೆಡ್ಲು ಹೊಡೆದು ಸೈಕಲ್ ಕಲಿತದ್ದೂ ಅದರಲ್ಲೇ. ಅಪ್ಪನ ಸೈಕಲ್ಲೇ ನನ್ನ ಫಿಕ್ಸಿ ಆದರೆ ಎಂಥಾ ಬ್ಲಾಗ್ ಪೋಸ್ಟ್ ಆಗ್ತಿತ್ತು ಹೇಳಿ!

ಟೇಪ್ ತಂದು ಅಳೆದೆ. ಹಿಂದಿನ ಅಗಲ 110ರ ಆಸುಪಾಸು, ಟ್ರ್ಯಾಕ್ ಹಬ್ ಕೂರೋಕೆ ಅಗಲಿಸಬೇಕು. ಚಕ್ರ ದೊಡ್ಡ 28 ಇಂಚಿನದು, ರಿಮ್ಮಿನ ವ್ಯಾಸ 635 ಮಿ.ಮೀ, ರೋಡ್ ಸೈಕಲ್ಲಿನ 622ರ ರಿಮ್ ಹಾಕಿದರೆ ಬ್ರೇಕಿನ ರಬ್ಬರ್ ಸರಿಯಾಗಿ ಹೊಂದಲ್ಲ. ಬ್ರೇಕ್ ಅಂದರೂ ಅದು ಕಡ್ಡಿ ಬ್ರೇಕು, ರಿಮ್ಮಿನ ಒಳಮೈಯನ್ನ ಮೇಲಕ್ಕೆ ಎಳೆದು ಹಿಡಿಯೋದು, ಮಳೆಯಲ್ಲಿ ದೇವರೇ ಗತಿ. ಕೆಲವನ್ನ ಕತ್ತರಿಸಬೇಕು, ಕೆಲವನ್ನ ಬೆಸೆಯಬೇಕು. ಅಪ್ಪ ಪಕ್ಕದಲ್ಲಿ ನಿಂತು ನೋಡ್ತಾ ಇದ್ದರು. "ನಿಂಗೆ ಬೇಕಾದ್ರೆ ತಗೊಂಡ್ ಹೋಗು" ಅಂದ್ರು. ಒಂದು ನಿಮಿಷ ಬಿಟ್ಟು, "ನಾಳೆ ಡೈರಿಗೆ ಹಾಲು ಹಾಕಕ್ಕೆ ಮಾತ್ರ ನಡ್ಕೊಂಡ್ ಹೋಗ್ಬೇಕಷ್ಟೆ" ಅಂದ್ರು.

ಟೇಪ್ ಸುತ್ತಿ ಜೇಬಿಗೆ ಹಾಕಿಕೊಂಡೆ. ಸರಿಯಾಗಿ ಕೆಲಸ ಮಾಡ್ತಿರೋ ಸಿಸ್ಟಮ್ಮಿಗೆ ಕೈ ಹಾಕಬಾರದು ಅನ್ನೋದು ನಮ್ಮ ವೃತ್ತಿಯ ಮೊದಲ ಪಾಠ. ಸೈಕಲ್ಲಿಗೂ ಅದೇ.

ಕೊನೆಗೆ ನಾನು ತಗೊಂಡಿದ್ದು ಇದು: ಜರ್ಮನಿಯಿಂದ ವಾಪಸ್ ಬಂದ ಸಹೋದ್ಯೋಗಿಯೊಬ್ಬ ಜೊತೆಗೆ ತಂದಿದ್ದ ಹಳೆಯ ಸ್ಟೀಲ್ ರೋಡ್ ಸೈಕಲ್ಲಿನ ಫ್ರೇಮ್. ಬಣ್ಣ ಅಲ್ಲಲ್ಲಿ ಎದ್ದಿದೆ. ಮುಂದಕ್ಕೆ ತೆರೆದ ಅಡ್ಡ ಸೀಳು, 126 ಮಿ.ಮೀ. ಅಗಲ, ಹಿಂದೆ ಮುಂದೆ ಎರಡೂ ಕಡೆ ಬ್ರೇಕ್ ತೂತು, ಮಡ್‌ಗಾರ್ಡಿನ ಕಿವಿಗಳೂ ಇವೆ. ಆರು ಸಾವಿರಕ್ಕೆ ಕೊಟ್ಟ. ವಾಷರ್ ಕೂರಿಸಿ 120ರ ಹಬ್ ಹಾಕಿದೆ, 165ರ ಕ್ರ್ಯಾಂಕ್, 28ರ ಟೈರ್, ಮುಂದೆ ಒಂದು ಗಟ್ಟಿ ಕ್ಯಾಲಿಪರ್ ಬ್ರೇಕ್. ಮುಂದೆ 46 ಹಲ್ಲು, ಹಿಂದೆ 16. ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ ಸುಮಾರು 32-33 ಕಿ.ಮೀ. ಹೋಗುತ್ತೆ, ನನ್ನ ಕಾಲಿಗೆ ಅಷ್ಟು ಸಾಕು. ಹಬ್ಬಿನ ಆ ಕಡೆ ಫ್ರೀವೀಲ್ ಹಾಕಿಟ್ಟಿದ್ದೀನಿ. ನಂದಿ ಬೆಟ್ಟಕ್ಕೆ ಹೋದ ದಿನ, ಮೇಲೆ ತಲುಪಿದ ಮೇಲೆ ಹಳೇ ಟೂರಿನವರ ಹಾಗೆ ಚಕ್ರ ತಿರುಗಿಸಿ ಹಾಕ್ಕೋತೀನಿ, ಹಿಂದಿನ ಬ್ರೇಕೂ ಆ ದಿನಕ್ಕೇ ಹಾಕಿರೋದು. ಯಾಕಂದ್ರೆ ಇಳಿಯುವಾಗ ಗಂಟೆಗೆ 50 ಕಿ.ಮೀ. ದಾಟಿದರೆ ಇದೇ ಗೇರಿನಲ್ಲಿ ಕಾಲು ನಿಮಿಷಕ್ಕೆ 138 ಸುತ್ತು ತಿರುಗಬೇಕು. ಒಮ್ಮೆ ಮಾಡಿ ನೋಡಿದೆ. ಇನ್ನೊಮ್ಮೆ ಬೇಡ.

ಫಿಕ್ಸಿ ಭಕ್ತರು ಈಗಾಗಲೇ ಕಾಮೆಂಟ್ ಟೈಪ್ ಮಾಡ್ತಿರಬಹುದು: "ಬ್ರೇಕು, ಮಡ್‌ಗಾರ್ಡು, ಫ್ರೀವೀಲು ಎಲ್ಲ ಹಾಕಿದ ಮೇಲೆ ಅದು ಫಿಕ್ಸಿ ಹೇಗಾಯ್ತು? ಅದರ ಅಂದವೇ ಖಾಲಿತನ ಅಲ್ವಾ?" ಒಪ್ತೀನಿ, ಖಾಲಿ ಫ್ರೇಮಿಗೆ ಒಂದು ಅಂದ ಇದೆ. ನನ್ನ ಗೋಡೆಯ ಮೇಲೆ ಇವತ್ತಿಗೂ ಅದು ಚೆನ್ನಾಗಿ ಕಾಣುತ್ತೆ. ಆದರೆ ಕಾಲಿಗೂ ಚಕ್ರಕ್ಕೂ ಇರೋ ನಂಟು ಬ್ರೇಕ್ ಹಾಕಿದ ಮಾತ್ರಕ್ಕೆ ಕಡಿಮೆ ಆಗಿಲ್ಲ. ದಿನಾ ನೂರರಲ್ಲಿ ತೊಂಬತ್ತು ಸಲ ಕಾಲಲ್ಲೇ ವೇಗ ತಗ್ಗಿಸ್ತೀನಿ. ಉಳಿದ ಹತ್ತು ಸಲಕ್ಕೆ ಬೆರಳು ಇದೆ. ಆ ಹತ್ತರಲ್ಲಿ ಒಂದು ಸಲ ಅಜ್ಜಿ ಇರ್ತಾರೆ.

ಹುಡುಗನಿಗೆ ಇಷ್ಟೂ ಹೇಳಿ, "ಆ ಕಪ್ಪು ಫ್ರೇಮೇ ಬೇಕು ಅಂದ್ರೆ ಫ್ರೇಮ್ ತಗೋ, ಆದ್ರೆ ತೂತಿರೋ ಫೋರ್ಕ್ ಅದೇ ದಿನ ತಗೋ. ಮುಂದಿನ ಸಂಬಳಕ್ಕೆ ಅನ್ಬೇಡ" ಅಂದೆ. ಯೋಚನೆ ಮಾಡ್ತೀನಿ ಬ್ರೋ ಅಂತ ಹೋದ. ಏನು ಮಾಡ್ತಾನೋ ಗೊತ್ತಿಲ್ಲ. ನನಗೆ ಯಾರಾದರೂ ಹೇಳಿದ್ದರೆ ನಾನು ಕೇಳ್ತಿದ್ದೆನಾ ಅನ್ನೋದೂ ಗೊತ್ತಿಲ್ಲ.

ಅಂದಹಾಗೆ ಆ ಅಜ್ಜಿ ಈಗಲೂ ಅದೇ ಜಾಗದಲ್ಲಿ ಸೊಪ್ಪು ಮಾರ್ತಾರೆ. ಹೊಸ ಸೈಕಲ್ ಕಟ್ಟಿದ ಮೊದಲ ಭಾನುವಾರ ಅಲ್ಲಿಗೇ ಹೋದೆ. ಎರಡು ಕಟ್ಟು ದಂಟಿನ ಸೊಪ್ಪು ತಗೊಂಡೆ. ಅಜ್ಜಿ ಸೊಪ್ಪು ಕೊಡೋಕೆ ಮುಂಚೆ ಬಗ್ಗಿ ಮುಂದಿನ ಚಕ್ರ ನೋಡಿದರು, ಬ್ರೇಕ್ ರಬ್ಬರನ್ನ ಬೆರಳಿಂದ ಮುಟ್ಟಿ ನೋಡಿದರು.

"ಹೂಂ, ಈಗ ಸರಿ" ಅಂದ್ರು.

ನಿಮ್ಮಲ್ಲಿ ಯಾರಾದರೂ ಹಳೇ ಫ್ರೇಮಿನಿಂದ ಫಿಕ್ಸಿ ಕಟ್ಟಿದ್ದೀರಾ? ಬೆಂಗಳೂರಿನಲ್ಲಿ ಅಡ್ಡ ಸೀಳಿನ ಹಳೇ ಸ್ಟೀಲ್ ಫ್ರೇಮುಗಳು ಗುಜರಿಯಲ್ಲಿ ಎಲ್ಲಿ ಸಿಗ್ತಾವೆ? ಗೊತ್ತಿದ್ದರೆ ಕಾಮೆಂಟಿನಲ್ಲಿ ಹಾಕಿ, ಆ ಹುಡುಗನಿಗೆ ತೋರಿಸ್ತೀನಿ. ಮತ್ತೆ ಎಂಟು ತಿಂಗಳು ಮಾಯ ಆಗಲ್ಲ ಅಂತ ಮಾತು ಕೊಡಲ್ಲ, ಪ್ರಯತ್ನ ಮಾಡ್ತೀನಿ...